ಮೇಲುಗೈಯ ಲೆಕ್ಕ

ಪೋಕರ್ ಆಟದಲ್ಲಿ ಫ್ಲಶ್ಶಿನ ಮುಂದೆ ಸ್ಟ್ರೇಟ್ ಸೋಲುತ್ತದೆ, ಫುಲ್ ಹೌಸ್ ಮುಂದೆ ಫ್ಲಶ್ ಸೋಲುತ್ತದೆ. ಯಾಕೆ ಎಂದು ಕೇಳಿ ನೋಡಿ. ಆಟ ಬಲ್ಲವರು ಹೇಳುವುದು ಒಂದೇ ಮಾತು: ಯಾವುದು ಕೈಗೆ ಬರುವುದು ಅಪರೂಪವೋ ಅದು ಮೇಲು. ಗಣಿತದ ಮೇಷ್ಟರುಗಳಿಗೂ ಈ ಉತ್ತರ ಇಷ್ಟ. ಎಣಿಕೆಯ ಪಾಠಕ್ಕೆ ಇದಕ್ಕಿಂತ ಸಿದ್ಧ ಉದಾಹರಣೆ ಸಿಗುವುದಿಲ್ಲ, ಎಣಿಸಿದರೆ ಉತ್ತರ ತಾಳೆಯೂ ಆಗುತ್ತದೆ. ಆದರೆ ತಾಳೆಯಾಗುವುದು ಒಂದು ಕಟ್ಟಿನಲ್ಲಿ, ಒಂದು ಬಗೆಯ ಆಟದಲ್ಲಿ, ಅದೂ ಮೇಲುಮೇಲಿನ ವಿಂಗಡಣೆಯಲ್ಲಿ ಮಾತ್ರ. ಸ್ವಲ್ಪ ಒಳಹೊಕ್ಕು ನೋಡಿದರೆ ಅಪರೂಪ ಎನ್ನುವುದು ಎಲೆಗಳಲ್ಲಿ ಮೊದಲೇ ಅಡಗಿ ಕೂತ ಗುಣವಲ್ಲ ಎಂದು ತಿಳಿಯುತ್ತದೆ. ಯಾವ ಕೈಗೆ ಹೆಸರು ಕೊಡಬೇಕು, ಯಾವುದನ್ನು ಮೇಲೆ ಕೂರಿಸಬೇಕು ಎಂದು ಆಡುವವರು ಮಾಡಿಕೊಂಡ ಒಪ್ಪಂದ ಆ ಅಪರೂಪವನ್ನೇ ಹೆಚ್ಚುಕಡಿಮೆ ಮಾಡಬಲ್ಲದು. ಈ ಅಧ್ಯಾಯದ ವಾದ ಇಷ್ಟೇ.

ಮೊದಲು ಸಾಂಪ್ರದಾಯಿಕ ಉತ್ತರಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. 52 ಎಲೆಗಳ ಕಟ್ಟನ್ನು ಚೆನ್ನಾಗಿ ಕಲಸಿ ಒಬ್ಬರಿಗೆ ಐದು ಎಲೆ ಹಾಕಿದರೆ ಎಷ್ಟು ಬಗೆಯ ಕೈ ಬರಬಹುದು? ಮೊದಲ ಎಲೆಗೆ 52 ಆಯ್ಕೆ, ಎರಡನೆಯದಕ್ಕೆ 51, ಹೀಗೆ 48ರವರೆಗೆ ಗುಣಿಸಿದರೆ 31,18,75,200 ಬರುತ್ತದೆ. ಅದೇ ಐದು ಎಲೆ ಯಾವ ಅನುಕ್ರಮದಲ್ಲಿ ಬಂದರೂ ಕೈ ಒಂದೇ ಆದ್ದರಿಂದ, ಐದನ್ನು ಜೋಡಿಸಬಹುದಾದ 120 ವಿಧಗಳಿಂದ ಅದನ್ನು ಭಾಗಿಸಬೇಕು. ಉಳಿಯುವುದು 25,98,960. ಇವುಗಳಲ್ಲಿ ಫುಲ್ ಹೌಸ್, ಅಂದರೆ ಒಂದು ಬೆಲೆಯ ಮೂರೆಲೆ ಮತ್ತು ಇನ್ನೊಂದು ಬೆಲೆಯ ಜೋಡಿ, ಎಷ್ಟು? ಮೂರು ಬರಬೇಕಾದ ಎಲೆಯನ್ನು 13 ಬಗೆಯಲ್ಲಿ ಆರಿಸಬಹುದು. ಅದರ ನಾಲ್ಕು ಬಣ್ಣಗಳಲ್ಲಿ (ಇಸ್ಪೀಟು, ಆಟೀನು, ಕಳಾವರ್, ಡೈಮಂಡ್) ಮೂರನ್ನು ಆರಿಸಲು 4 ದಾರಿ. ಜೋಡಿಯಾಗಬೇಕಾದ ಎಲೆಗೆ 12 ಆಯ್ಕೆ. ಅದರ ಎರಡು ಬಣ್ಣಗಳಿಗೆ 6 ದಾರಿ. ಗುಣಿಸಿದರೆ 3,744. ಒಂದೇ ಬಣ್ಣದ ಐದೆಲೆ, ಅಂದರೆ ಫ್ಲಶ್, 5,108. ಸಾಲಾಗಿ ಬರುವ ಐದೆಲೆ, ಅಂದರೆ ಸ್ಟ್ರೇಟ್, 10,200. ಸಾಲೂ ಹೌದು ಬಣ್ಣವೂ ಹೌದು ಎನ್ನುವ ಸ್ಟ್ರೇಟ್ ಫ್ಲಶ್ ಬರೀ 40, ಒಂದೇ ಬೆಲೆಯ ನಾಲ್ಕೆಲೆ ಇರುವ ಕೈ 624. ಕೆಳಗೆ ಹೋದಂತೆ ಮೂರರ ಗುಂಪು 54,912, ಎರಡು ಜೋಡಿ 1,23,552, ಒಂದು ಜೋಡಿ 10,98,240. ಇದ್ಯಾವುದೂ ಇಲ್ಲದ ಕೈಯನ್ನು ಇಲ್ಲಿ ಬರಿಗೈ ಎನ್ನೋಣ; ಅದು 13,02,540, ಒಟ್ಟಿನ ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು. ಪೋಕರ್ ಶ್ರೇಣಿಯನ್ನು ಮೇಲಿಂದ ಕೆಳಕ್ಕೆ ಓದುತ್ತ ಬನ್ನಿ, ಸಂಖ್ಯೆ ಒಂದೆಡೆಯೂ ತಪ್ಪದೆ ಏರುತ್ತ ಹೋಗುತ್ತದೆ. ಇಷ್ಟು ಚೆನ್ನಾಗಿ ಕೂಡಿಬಂದ ಲೆಕ್ಕವನ್ನು ನೋಡಿ, ಯಾರೋ ಎಣಿಸಿಯೇ ಈ ಶ್ರೇಣಿ ಕಟ್ಟಿರಬೇಕು ಎಂದು ಅನ್ನಿಸುವುದು ಸಹಜ.

ಇಲ್ಲೇ ಮೊದಲ ತಡೆ. ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಒಟ್ಟಿಗೆ ಬರುವ ಸಾಧ್ಯತೆ 25,98,960ರಲ್ಲಿ ಒಂದು. ಆಟೀನಿನ ಎರಡು, ಕಳಾವರ್ ಏಳು, ಇಸ್ಪೀಟಿನ ಒಂಬತ್ತು, ಡೈಮಂಡಿನ ಗುಲಾಮ, ಆಟೀನಿನ ರಾಜ ಎಂಬ ಕೆಲಸಕ್ಕೆ ಬಾರದ ಕೈ ಬರುವ ಸಾಧ್ಯತೆಯೂ 25,98,960ರಲ್ಲಿ ಒಂದೇ. ಒಂದೊಂದು ಕೈಯನ್ನೂ ಬಿಡಿಯಾಗಿ ನೋಡಿದರೆ ಎಲ್ಲವೂ ಸಮನಾಗಿ ಅಪರೂಪ. ಕೈಗಳನ್ನು ಗುಂಪು ಮಾಡಿ ಹೆಸರಿಟ್ಟ ಮೇಲಷ್ಟೇ ಹೆಚ್ಚು ಕಡಿಮೆ ಎಂಬ ಮಾತು ಬರುತ್ತದೆ. ಹಾಗಾದರೆ ಗುಂಪನ್ನು ಮಾಡಿದ್ದು ಯಾರು? ಐದೂ ಎಲೆ ಕೆಂಪು ಅಥವಾ ಐದೂ ಕಪ್ಪು ಇರುವ ಕೈಗಳನ್ನು ಎಣಿಸಿದರೆ 1,31,560 ಸಿಗುತ್ತವೆ. ಎರಡು ಜೋಡಿಗೆ ಹೆಚ್ಚುಕಮ್ಮಿ ಹತ್ತಿರದ ಸಂಖ್ಯೆ. ಅದಕ್ಕೊಂದು ಹೆಸರಿಟ್ಟು ಎರಡು ಜೋಡಿಯ ಕೆಳಗೆ ಕೂರಿಸಬಹುದಿತ್ತು, ಕೂರಿಸಲಿಲ್ಲ. ಅಂಕಗಣಿತ ಅದನ್ನು ಬೇಡ ಅನ್ನಲಿಲ್ಲ, ಆಡುವವರು ಬೇಕು ಅನ್ನಲಿಲ್ಲವೆಂದಷ್ಟೇ ಅದಿಲ್ಲ.

ಗುಂಪಿನ ಒಳಗೆ ಇಣುಕಿದರೆ ಅಪರೂಪದ ಸಿದ್ಧಾಂತ ಇನ್ನೂ ಕಷ್ಟಕ್ಕೆ ಸಿಲುಕುತ್ತದೆ. ಎಕ್ಕದ ಜೋಡಿಯ ಮುಂದೆ ಎರಡರ ಜೋಡಿ ಸೋಲುತ್ತದೆ, ಆದರೆ ಎರಡೂ ಬರುವುದು ಸರಿಯಾಗಿ 84,480 ಬಗೆಗಳಲ್ಲಿ. ಇಲ್ಲಿ ಅಪರೂಪದ ಮಾತೇ ಇಲ್ಲ, ರಾಜನಿಗಿಂತ ಎಕ್ಕ ದೊಡ್ಡದು ಎಂಬ ರೂಢಿ ಇದೆ, ಅಷ್ಟೆ. ಬರಿಗೈಗಳಲ್ಲಂತೂ ಲೆಕ್ಕ ತಲೆಕೆಳಗಾಗಿದೆ. ದೊಡ್ಡೆಲೆ ಯಾವುದೋ ಅದರ ಮೇಲೆ ಬರಿಗೈಗಳ ಸ್ಥಾನ ನಿರ್ಧಾರವಾಗುತ್ತದೆ; ಎಕ್ಕ ಇದ್ದರೆ ಮೇಲು, ಏಳಕ್ಕಿಂತ ದೊಡ್ಡೆಲೆ ಇಲ್ಲದಿದ್ದರೆ ತಳ. ಎಕ್ಕ ದೊಡ್ಡೆಲೆಯಾದ ಬರಿಗೈಗಳು 5,02,860. ಏಳು ದೊಡ್ಡೆಲೆಯಾದವು ಎಷ್ಟು? ಏಳರ ಜೊತೆಗೆ ಎರಡರಿಂದ ಆರರವರೆಗಿನ ಐದು ಬೆಲೆಗಳಲ್ಲಿ ನಾಲ್ಕನ್ನು ಆರಿಸಬೇಕು, ಅದಕ್ಕೆ ಐದು ದಾರಿ. ಮೂರು-ನಾಲ್ಕು-ಐದು-ಆರು ಆರಿಸಿದರೆ ಸ್ಟ್ರೇಟ್ ಆಗಿಬಿಡುತ್ತದೆ, ಅದನ್ನು ತೆಗೆದರೆ ನಾಲ್ಕು. ಒಂದೊಂದಕ್ಕೂ ಬಣ್ಣಗಳ 1,024 ಜೋಡಣೆ, ಅದರಲ್ಲಿ ಫ್ಲಶ್ ಆಗುವ ನಾಲ್ಕನ್ನು ಬಿಟ್ಟು 1,020. ಒಟ್ಟು 4,080. ಅಂದರೆ ಪೋಕರಿನ ಕಟ್ಟಕಡೆಯ ಕೈ ಫ್ಲಶ್ಶಿಗಿಂತ ಅಪರೂಪ! ಅಪರೂಪವೇ ಬೆಲೆಯಾಗಿದ್ದರೆ ಏಳರ ಬರಿಗೈ ಹಿಡಿದವರು ಫುಲ್ ಹೌಸ್ ಹಿಡಿದವರ ಪಕ್ಕದಲ್ಲೇ ಕೂರಬೇಕಿತ್ತು. ಕೀಳು ಕೈಯೇ ಗೆಲ್ಲುವ ಲೋಬಾಲ್ ಎಂಬ ಪೋಕರ್ ಬಗೆಯಲ್ಲಿ, ಎಕ್ಕವನ್ನು ದೊಡ್ಡೆಲೆಯೆಂದೇ ಎಣಿಸುವ ಕಡೆ, 7-5-4-3-2 ಸಾಕ್ಷಾತ್ ರಾಜ. ಅಲ್ಲಿ ಅದಕ್ಕೆ ಅದರ ನ್ಯಾಯ ಸಿಕ್ಕಿದೆ ಎನ್ನಬಹುದು.

ಗುಂಪಿನೊಳಗಿನ ಕ್ರಮ ಬರೀ ಸಮಬಲ ಮುರಿಯುವ ಉಪಾಯ, ಅದನ್ನು ಹಿಡಿದು ಇಡೀ ಸಿದ್ಧಾಂತವನ್ನು ಅಲ್ಲಾಡಿಸುವುದು ಸರಿಯಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಬರಿಗೈ ಮತ್ತು ಒಂದು ಜೋಡಿ ಸೇರಿದರೆ ಎಲ್ಲ ಕೈಗಳ ಶೇಕಡಾ 92ಕ್ಕಿಂತ ಹೆಚ್ಚಾಗುತ್ತವೆ. ಐದೆಲೆಯ ಎರಡು ಕೈಗಳು ಎದುರುಬದುರಾದಾಗ ಐದರಲ್ಲಿ ಎರಡಕ್ಕಿಂತ ಹೆಚ್ಚು ಸಲ ತೀರ್ಮಾನವಾಗುವುದು ಈ ಸಮಬಲ ಮುರಿಯುವ ಉಪಾಯದಿಂದಲೇ. ಅದನ್ನು ಅಡಿಟಿಪ್ಪಣಿ ಎಂದು ಪಕ್ಕಕ್ಕಿಡಲು ಬರುವುದಿಲ್ಲ.

ಇತಿಹಾಸದ ಸಾಕ್ಷಿ ಇದಕ್ಕಿಂತ ಬಲವಾದದ್ದು. ಪೋಕರ್ ರೂಪುಗೊಂಡಿದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪಿ ನದಿಯ ಹಬೆದೋಣಿಗಳ ಮೇಲೆ. ಇಂಗ್ಲೆಂಡಿನ ನಟ ಜೋಸೆಫ್ ಕೋವೆಲ್ 1844ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ, 1829ರ ಡಿಸೆಂಬರಿನಲ್ಲಿ ಲೂಯಿವಿಲ್‌ನಿಂದ ನ್ಯೂ ಆರ್ಲಿಯನ್ಸಿಗೆ ಹೋಗುವ ಹಬೆದೋಣಿಯಲ್ಲಿ ಕಂಡ ಪೋಕರ್ ಆಟದ ವರ್ಣನೆ ಇದೆ. ಜೂಜುಕೋರನಾಗಿದ್ದು ಆಮೇಲೆ ಜೂಜಿನ ವಿರುದ್ಧ ತಿರುಗಿದ ಜೊನಾಥನ್ ಗ್ರೀನ್ 1843ರ ತನ್ನ ಪುಸ್ತಕದಲ್ಲಿ ಅದೇ ನದಿಯ ಮೇಲೆ 20 ಎಲೆಗಳಿಂದ ಆಡುತ್ತಿದ್ದ ಆಟವನ್ನು ವಿವರಿಸಿದ್ದಾನೆ. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಪ್ರತಿಯೊಂದಕ್ಕೂ ನಾಲ್ಕು ಬಣ್ಣ. ನಾಲ್ಕು ಜನ ಕೂತರೆ ತಲಾ ಐದೆಲೆ, ಕಟ್ಟು ಖಾಲಿ. ಆಗಿನ ಶ್ರೇಣಿಯಲ್ಲಿ ಇದ್ದದ್ದು ಒಂದು ಜೋಡಿ, ಎರಡು ಜೋಡಿ, ಮೂರರ ಗುಂಪು, ಫುಲ್ ಹೌಸ್, ನಾಲ್ಕರ ಗುಂಪು. ಸ್ಟ್ರೇಟ್ ಇನ್ನೂ ಹುಟ್ಟಿರಲಿಲ್ಲ.

ಆ 20 ಎಲೆಗಳ ಕಟ್ಟನ್ನೇ ಈಗ ಎಣಿಸಿ ನೋಡೋಣ. ಬರಬಹುದಾದ ಕೈಗಳು 15,504. ನಾಲ್ಕರ ಗುಂಪು 80, ಫುಲ್ ಹೌಸ್ 480, ಮೂರರ ಗುಂಪು 1,920, ಎರಡು ಜೋಡಿ 4,320, ಒಂದು ಜೋಡಿ 7,680. ಏನೂ ಇಲ್ಲದ ಕೈ? ಐದು ಬೆಲೆಗಳೂ ಒಂದೊಂದು ಬರಬೇಕು, ಪ್ರತಿಯೊಂದಕ್ಕೂ ನಾಲ್ಕು ಬಣ್ಣ, ಒಟ್ಟು 1,024. ಮೂರರ ಗುಂಪಿಗಿಂತ ಅಪರೂಪವಾದ ಕೈ ಶ್ರೇಣಿಯ ತಳದಲ್ಲಿ ಬಿದ್ದಿತ್ತು. ಇನ್ನೊಂದು ತಮಾಷೆ: ಆ ಕಟ್ಟಿನಲ್ಲಿ ಬರಿಗೈ ಎಂದರೆ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಎಂಬ ಸಾಲೇ ಆಗಬೇಕು, ಬೇರೆ ದಾರಿಯಿಲ್ಲ. ಇಂದು ಸ್ಟ್ರೇಟುಗಳಲ್ಲೇ ಅತಿ ದೊಡ್ಡದೆಂದು ಹಿಗ್ಗುವ ಕೈಯನ್ನು ಆ ದೋಣಿಗಳ ಮೇಲೆ ಎಸೆದು ಕೂರುತ್ತಿದ್ದರು. ಶ್ರೇಣಿಯನ್ನು ಕಟ್ಟಿದವರು ಎಣಿಸಲಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಒಂದೇ ಬೆಲೆಯ ಎಲೆಗಳು ಕೂಡಿಬರುವುದು ಒಳ್ಳೆಯದು, ಹೆಚ್ಚು ಕೂಡಿಬಂದಷ್ಟೂ ಇನ್ನೂ ಒಳ್ಳೆಯದು ಎಂಬುದು ಅವರ ಅಳತೆಗೋಲು. ಬ್ರ್ಯಾಗ್ ಮುಂತಾದ ಯುರೋಪಿನ ಹಳೆಯ ಆಟಗಳಿಂದ ಬಂದ ಅಳತೆಗೋಲು ಅದು, ಕಣ್ಣಿನ ತೀರ್ಪು.

ಆಮೇಲೆ 52 ಎಲೆಗಳ ಪೂರ್ತಿ ಕಟ್ಟು ಬಂತು. ಹೆಚ್ಚು ಜನ ಕೂರಬಹುದು, ಬೇಡದ ಎಲೆ ಕೊಟ್ಟು ಹೊಸದು ಪಡೆಯಬಹುದು ಎಂಬುದು ಅದರ ಅನುಕೂಲ. ಬೆಲೆಗಳು ಐದರಿಂದ 13ಕ್ಕೆ ಏರಿದ್ದರಿಂದ ಎಲೆಗಳು ಹೊಂದಿಬರುವುದು ಕಷ್ಟವಾಯಿತು, ಬರಿಗೈ ಶೇಕಡಾ 7ರಿಂದ 50ಕ್ಕೆ ಜಿಗಿಯಿತು. ಹಳೆಯ ಶ್ರೇಣಿಗೂ ಎಣಿಕೆಗೂ ಆಗ ತಾನಾಗಿ ಹೊಂದಾಣಿಕೆಯಾಯಿತು. ಫ್ಲಶ್ಶಿಗೆ ಸ್ಥಾನ ಸಿಕ್ಕಿತು. ಸ್ಟ್ರೇಟ್ ಕೊನೆಗೆ ಬಂತು, ಬಂದ ಮೇಲೂ ಬಹಳ ಕಾಲ ಜಗಳದ ವಸ್ತುವಾಗಿತ್ತು. 19ನೇ ಶತಮಾನದ ಎಷ್ಟೋ ಮೇಜುಗಳಲ್ಲಿ ಅದನ್ನು ಒಪ್ಪುತ್ತಿರಲಿಲ್ಲ. ಸ್ಟ್ರೇಟ್ ಫ್ಲಶ್ ಪರವಾಗಿ ಇದ್ದ ವಾದವಂತೂ ಗಣಿತದ್ದಲ್ಲ, ನೀತಿಯದ್ದು. ಅದಿಲ್ಲದಿದ್ದರೆ ನಾಲ್ಕು ಎಕ್ಕ ಹಿಡಿದವನಿಗೆ ಸೋಲೇ ಇಲ್ಲ, ಸೋಲಿಲ್ಲವೆಂದು ಗೊತ್ತಿದ್ದೂ ಪಣ ಒಡ್ಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ಮಾತು ಇತ್ತು. ಅದೇ ಕಾಲದ ಅಮೆರಿಕದ ಕೆಲವು ಮೇಜುಗಳಲ್ಲಿ ಬ್ಲೇಜ್ ಎಂಬ ಕೈಗೂ ಮಾನ್ಯತೆ ಇತ್ತು: ಐದೂ ರಾಜ-ರಾಣಿ-ಗುಲಾಮರ ಎಲೆಗಳು. ಅದನ್ನು ಎರಡು ಜೋಡಿಯ ಮೇಲೆ, ಮೂರರ ಗುಂಪಿನ ಕೆಳಗೆ ಇಟ್ಟಿದ್ದರು. ಹನ್ನೆರಡು ಚಿತ್ರದ ಎಲೆಗಳಿಂದ ಐದನ್ನು ಆರಿಸುವ ದಾರಿಗಳು ಬರೀ 792. ಫುಲ್ ಹೌಸಿಗಿಂತ ಎಷ್ಟೋ ಅಪರೂಪವಾದ ಕೈ 54,912 ಬಗೆಯಲ್ಲಿ ಬರುವ ಕೈಯ ಕೆಳಗೆ ಕೂತಿತ್ತು.

ಬ್ಲೇಜ್ ಅಳಿದುಹೋಯಿತಲ್ಲ, ಎಣಿಕೆಗೆ ಒಗ್ಗದ ಕೈಗಳು ಉದುರಿ ಒಗ್ಗಿದ ಕೈಗಳು ಉಳಿದದ್ದೇ ಅಪರೂಪದ ಸಿದ್ಧಾಂತಕ್ಕೆ ಸಾಕ್ಷಿಯಲ್ಲವೇ ಎಂದು ಯಾರಾದರೂ ವಾದಿಸಬಹುದು. ಒಳ್ಳೆಯ ವಾದ, ಅರ್ಧ ಒಪ್ಪುತ್ತೇನೆ. ದಿನಗಟ್ಟಲೆ ದುಡ್ಡಿಟ್ಟು ಆಡುವವರಿಗೆ ಯಾವ ಕೈ ಎಷ್ಟು ಸಲ ಬರುತ್ತದೆಂಬ ಅಂದಾಜು ಲೆಕ್ಕ ಗೊತ್ತಿಲ್ಲದೆಯೂ ಬಂದಿರುತ್ತದೆ. ಫ್ಲಶ್ಶಿನ ಎರಡರಷ್ಟು ಸಲ ಬರುವ ಸ್ಟ್ರೇಟನ್ನು ಅದರ ಮೇಲೆ ಕೂರಿಸಿದರೆ ಯಾರಿಗಾದರೂ ಇರುಸುಮುರುಸಾಗುತ್ತಿತ್ತು. ಆದರೆ ಉಳಿಯಲು ಎಣಿಕೆಯೊಂದೇ ಕಾರಣವಾಗಿದ್ದರೆ, ಎಣಿಕೆ ಬದಲಾದಾಗ ಶ್ರೇಣಿಯೂ ಬದಲಾಗಬೇಕಿತ್ತು. ಬದಲಾಗಿಲ್ಲ.

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನ ಆಡುವ ಟೆಕ್ಸಾಸ್ ಹೋಲ್ಡೆಮ್ ಬಗೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಕೈಯಲ್ಲಿ ಎರಡು, ಮೇಜಿನ ಮೇಲೆ ಐದು, ಒಟ್ಟು ಏಳು ಎಲೆಗಳಲ್ಲಿ ಶ್ರೇಷ್ಠವಾದ ಐದನ್ನು ಆರಿಸಿಕೊಳ್ಳುತ್ತಾರೆ. ಏಳೆಲೆಯ ಜೋಡಣೆಗಳು 13,37,84,560. ಇವುಗಳಲ್ಲಿ ಶೇಕಡಾ 43.8 ಒಂದು ಜೋಡಿಗೆ ನಿಲ್ಲುತ್ತವೆ, ಶೇಕಡಾ 23.5 ಎರಡು ಜೋಡಿಗೆ, ಶೇಕಡಾ 17.4 ಮಾತ್ರ ಬರಿಗೈ. ಅಂದರೆ ಏಳೆಲೆಯ ಆಟದಲ್ಲಿ ಏನೂ ಸಿಗದೆ ಹೋಗುವುದು ಎರಡು ಜೋಡಿ ಸಿಗುವುದಕ್ಕಿಂತ ಅಪರೂಪ. ಅಪರೂಪಕ್ಕೆ ಬೆಲೆ ಎಂಬ ನಿಯಮ ನಿಜವಾಗಿದ್ದರೆ ಬರಿಗೈ ಹಿಡಿದವರು ಎರಡು ಜೋಡಿಯವರನ್ನು ಸೋಲಿಸಬೇಕು.

ಹಾಗೆ ಮಾಡಿಬಿಡೋಣ ಎಂದು ಹೊರಟರೆ ಏನಾಗುತ್ತದೆ ಎಂಬುದೇ ಈ ಅಧ್ಯಾಯದ ಕೇಂದ್ರ. ಮೊದಲ ಹೆಜ್ಜೆಯಾಗಿ ಬರಿಗೈಯನ್ನು ಒಂದು ಜೋಡಿಯ ಮೇಲೆ ಕೂರಿಸಿ. ಏಳೆಲೆಗಳಲ್ಲಿ ಒಂದೇ ಜೋಡಿ ಇದ್ದರೆ ಬೆಲೆಗಳು ಆರು. ಜೋಡಿಯಲ್ಲಿ ಒಂದೆಲೆಯನ್ನು ಬಿಟ್ಟು, ಬೇರೆ ಬೇರೆ ಬೆಲೆಯ ಐದನ್ನು ಆರಿಸಿ ತೋರಿಸುವುದನ್ನು ತಡೆಯುವವರು ಯಾರು? ಜೋಡಿ ಹಿಡಿದ ಪ್ರತಿಯೊಬ್ಬರೂ ಹಾಗೇ ಮಾಡುತ್ತಾರೆ, ಯಾಕೆಂದರೆ ಈಗ ಬರಿಗೈಯೇ ಮೇಲು. ನಿಯಮ ಬದಲಾದ ಕ್ಷಣವೇ ಬರಿಗೈ ಶೇಕಡಾ 17ರಿಂದ 61ಕ್ಕೆ ಏರುತ್ತದೆ, ಒಂದು ಜೋಡಿ ಎಂಬ ಕೈ ಭೂಮಿಯ ಮೇಲಿನಿಂದಲೇ ಮಾಯವಾಗುತ್ತದೆ. ಎರಡು ಜೋಡಿಯ ಮೇಲೂ ಕೂರಿಸಿದರೆ ಅದು ಶೇಕಡಾ 83ರ ಸುತ್ತ ಬರುತ್ತದೆ. ಅಪರೂಪವೆಂದು ಮೇಲಕ್ಕೆ ಏರಿಸಿದ್ದು ಏರಿಸಿದ್ದರಿಂದಲೇ ಸಾಮಾನ್ಯವಾಯಿತು. ಎಲೆಗಳು ಅವೇ, ಕಲಸಿದ್ದೂ ಹಾಗೇ. ಬದಲಾದದ್ದು ಆಡುವವರ ಆಯ್ಕೆ. ಕೈಯಲ್ಲಿ ಬೇಕಾದ್ದನ್ನು ಆರಿಸುವ ಸ್ವಾತಂತ್ರ್ಯ ಇರುವ ಎಲ್ಲ ಆಟಗಳಲ್ಲೂ ಸಂಭವನೀಯತೆ ಶ್ರೇಣಿಯನ್ನು ಕಾಯುತ್ತಿರುತ್ತದೆ, ಶ್ರೇಣಿ ಸಂಭವನೀಯತೆಯನ್ನಲ್ಲ.

ಇದು ಏಳೆಲೆಯ ಆಟದ ಚಮತ್ಕಾರ, ಐದೆಲೆಗೆ ಹಿಂತಿರುಗಿದರೆ ತೊಂದರೆ ಇರುವುದಿಲ್ಲ ಎನ್ನಬೇಡಿ. ರಮ್ಮಿ ಆಡುವ ಮನೆಗಳಲ್ಲಿ ಇದ್ದೇ ಇರುವ ಜೋಕರನ್ನು ಒಂದೇ ಒಂದು ಸೇರಿಸಿ, ಯಾವ ಎಲೆಯಾಗಿ ಬೇಕಾದರೂ ಅದು ನಡೆಯುತ್ತದೆ ಎನ್ನಿ. ಒಂದು ಜೋಡಿ, ಬೇರೆ ಎರಡೆಲೆ, ಜೊತೆಗೆ ಜೋಕರ್ ಇರುವ ಕೈಗಳು 82,368. ಜೋಕರನ್ನು ಜೋಡಿಗೆ ಸೇರಿಸಿದರೆ ಮೂರರ ಗುಂಪು, ಬಿಡಿ ಎಲೆಗೆ ಸೇರಿಸಿದರೆ ಎರಡು ಜೋಡಿ. ಮೂರರ ಗುಂಪು ಮೇಲಾದ್ದರಿಂದ ಎಲ್ಲರೂ ಅದನ್ನೇ ಘೋಷಿಸುತ್ತಾರೆ. ಹಾಗಾಗಿ ಮೂರರ ಗುಂಪು 54,912ರಿಂದ 1,37,280ಕ್ಕೆ ಏರುತ್ತದೆ, ಎರಡು ಜೋಡಿ ಮೊದಲಿನಂತೆ 1,23,552ರಲ್ಲೇ ಉಳಿಯುತ್ತದೆ. ಮೇಲಿನದು ಕೆಳಗಿನದಕ್ಕಿಂತ ಸಾಮಾನ್ಯವಾಯಿತು. ಸರಿ, ಇವೆರಡನ್ನೂ ಅದಲುಬದಲು ಮಾಡೋಣ. ಆಗ ಅದೇ 82,368 ಕೈಗಳು ಒಟ್ಟಾಗಿ ಎರಡು ಜೋಡಿಯ ಕಡೆಗೆ ನಡೆಯುತ್ತವೆ. ಎರಡು ಜೋಡಿ 2,05,920 ಆಗುತ್ತದೆ, ಮೂರರ ಗುಂಪು 54,912ಕ್ಕೆ ಇಳಿಯುತ್ತದೆ. ಮತ್ತೆ ತಪ್ಪು. ಯಾವುದನ್ನು ಮೇಲಿಟ್ಟರೂ ಮೇಲಿಟ್ಟದ್ದೇ ಹೆಚ್ಚು ಸಲ ಬರುತ್ತದೆ. ಚುನಾವಣೆಯಲ್ಲಿ ಗೆದ್ದ ಪಕ್ಷಕ್ಕೆ ಫಲಿತಾಂಶದ ಮಾರನೇ ದಿನ ಜಿಗಿಯುವವರಿದ್ದಾರಲ್ಲ, ಜೋಕರ್ ಇರುವ ಕೈಗಳು ಥೇಟ್ ಹಾಗೆ. ಇದು ಲೆಕ್ಕದ ಎಡವಟ್ಟಲ್ಲ. ಇವೆರಡು ಕೈಗಳನ್ನು ಅಪರೂಪದ ಪ್ರಕಾರ ಕೂರಿಸುವ ಶ್ರೇಣಿಯೇ ಜೋಕರ್ ಇರುವ ಪೋಕರಿನಲ್ಲಿ ಇರಲು ಸಾಧ್ಯವಿಲ್ಲ. ಗಣಿತಜ್ಞರಾದ ಸ್ಟೀವ್ ಗ್ಯಾಡ್‌ಬಾಯ್ಸ್ ಒಂದು ಕಡೆ, ಜಾನ್ ಎಮರ್ಟ್ ಮತ್ತು ಡೇಲ್ ಅಂಬಾಕ್ ಇನ್ನೊಂದು ಕಡೆ, 1996ರಲ್ಲಿ ಈ ವಿರೋಧಾಭಾಸವನ್ನು ವಿವರವಾಗಿ ಎಣಿಸಿ ಪ್ರಕಟಿಸಿದರು.

ಇದಕ್ಕೆ ಒಂದು ಸಮಾಧಾನ ಇದೆ, ಕ್ಲಬ್ಬುಗಳು ಅದನ್ನು ಬಳಸುತ್ತವೆ. ಜೋಕರ್ ಎಕ್ಕವಾಗಿಯಾದರೂ ನಡೆಯಬೇಕು, ಇಲ್ಲವೇ ಸ್ಟ್ರೇಟ್ ಅಥವಾ ಫ್ಲಶ್ ಪೂರ್ತಿ ಮಾಡಲು ಮಾತ್ರ ಬಳಕೆಯಾಗಬೇಕು ಎಂದು ಅದರ ಕಾಲು ಕಟ್ಟುತ್ತಾರೆ. ಜೋಡಿಯ ಜೊತೆಗಿರುವ ಜೋಕರ್ ಆಗ ಬರೀ ಒಂದು ಎಕ್ಕ, ಆಯ್ಕೆಯ ಅವಕಾಶವೇ ಕಿರಿದಾಗುತ್ತದೆ. ಸಮಸ್ಯೆಯನ್ನು ಬಿಡಿಸಿದ್ದಲ್ಲ ಇದು, ಸ್ವಾತಂತ್ರ್ಯವನ್ನು ಕಡಿಮೆ ಮಾಡಿ ಸಮಸ್ಯೆ ಹುಟ್ಟದಂತೆ ನೋಡಿಕೊಂಡದ್ದು.

ಎಣಿಕೆಗೆ ತಲೆಬಾಗಿ ಶ್ರೇಣಿಯನ್ನೇ ತಿದ್ದಿದ ಉದಾಹರಣೆಯೂ ಇಲ್ಲದಿಲ್ಲ. ಎರಡರಿಂದ ಐದರವರೆಗಿನ ಎಲೆಗಳನ್ನು ತೆಗೆದು 36 ಎಲೆಗಳಲ್ಲಿ ಆಡುವ ಶಾರ್ಟ್ ಡೆಕ್ ಎಂಬ ಬಗೆ ಏಷ್ಯಾದ ದೊಡ್ಡ ಪಣದ ಮೇಜುಗಳಿಂದ ಜನಪ್ರಿಯವಾಯಿತು. ಅಲ್ಲಿ ಒಂದು ಬಣ್ಣಕ್ಕೆ ಒಂಬತ್ತೇ ಎಲೆ. ಐದೆಲೆಯ ಲೆಕ್ಕದಲ್ಲಿ ಫ್ಲಶ್ 480, ಫುಲ್ ಹೌಸ್ 1,728. ಹೀಗಾಗಿ ಆ ಆಟದಲ್ಲಿ ಫ್ಲಶ್ ಫುಲ್ ಹೌಸನ್ನು ಸೋಲಿಸುತ್ತದೆ. ಆದರೆ ಸ್ಟ್ರೇಟ್ ದೊಡ್ಡದೋ ಮೂರರ ಗುಂಪು ದೊಡ್ಡದೋ ಎಂಬುದರಲ್ಲಿ ಅಲ್ಲೂ ಎಲ್ಲರದ್ದು ಒಂದೇ ನಿಯಮವಿಲ್ಲ.

ನಮ್ಮ ಕಡೆ ಹಬ್ಬದ ರಾತ್ರಿಗಳಲ್ಲಿ ನಡೆಯುವ ಮೂರೆಲೆಯ ಆಟ, ತೀನ್ ಪತ್ತಿ, ಈ ಪರೀಕ್ಷೆಯಲ್ಲಿ ಹೇಗಿದೆ? ಮೂರೆಲೆಯ ಕೈಗಳು 22,100. ಮೂರೇ ಎಲೆಯಲ್ಲಿ ಸಾಲು ಬರುವುದು ಬಣ್ಣ ಬರುವುದಕ್ಕಿಂತ ಕಷ್ಟ: ಸೀಕ್ವೆನ್ಸ್ 720, ಕಲರ್ 1,096. ಅದಕ್ಕೆ ತಕ್ಕಂತೆ ತೀನ್ ಪತ್ತಿಯಲ್ಲಿ ಕಲರಿನ ಮೇಲೆ ಸೀಕ್ವೆನ್ಸ್ ಇದೆ, ಪೋಕರಿಗೆ ತಿರುಗುಮುರುಗಾಗಿ. ಇಲ್ಲಿಗೆ ಪಾಸು. ತುದಿಗೆ ಬಂದರೆ ಮತ್ತೆ ಕಣ್ಣಿನ ತೀರ್ಪೇ ಗೆದ್ದಿದೆ. ಮೂರೂ ಒಂದೇ ಬೆಲೆಯ ಟ್ರಯಲ್ 52 ಬಗೆಯಲ್ಲಿ ಬರುತ್ತದೆ, ಒಂದೇ ಬಣ್ಣದ ಪ್ಯೂರ್ ಸೀಕ್ವೆನ್ಸ್ 48 ಬಗೆಯಲ್ಲಿ. ಆದರೂ ಟ್ರಯಲ್ಲೇ ಎಲ್ಲಕ್ಕಿಂತ ಮೇಲು. ಕ್ಯಾಸಿನೋಗಳ ತ್ರೀ ಕಾರ್ಡ್ ಪೋಕರಿನಲ್ಲಿ ಇದನ್ನು ತಿದ್ದಿ, ಸ್ಟ್ರೇಟ್ ಫ್ಲಶ್ಶನ್ನು ಮೂರರ ಗುಂಪಿನ ಮೇಲೆ ಇಟ್ಟಿದ್ದಾರೆ. ತೀನ್ ಪತ್ತಿ ತಪ್ಪು, ಕ್ಯಾಸಿನೋ ಸರಿ ಎಂದು ನಾನಂತೂ ಹೇಳಲಾರೆ. ಆ 48 ಎಂಬ ಸಂಖ್ಯೆ ಕೂಡ ಎಕ್ಕ-ಎರಡು-ಮೂರು ಒಂದು ಸಾಲು, ರಾಣಿ-ರಾಜ-ಎಕ್ಕ ಇನ್ನೊಂದು ಸಾಲು, ಆದರೆ ರಾಜ-ಎಕ್ಕ-ಎರಡು ಸಾಲಲ್ಲ ಎಂಬ ಒಪ್ಪಂದದ ಮೇಲೆ ನಿಂತಿದೆ. ಎಕ್ಕ-ಎರಡು-ಮೂರನ್ನು ಒಪ್ಪದಿದ್ದರೆ ಅದು 44ಕ್ಕೆ ಇಳಿಯುತ್ತದೆ. ಅದನ್ನೂ ಒಪ್ಪಿ ರಾಜ-ಎಕ್ಕ-ಎರಡನ್ನೂ ಒಪ್ಪಿದರೆ ಸಾಲುಗಳು 13, ಬಣ್ಣಗಳು 4, ಪ್ಯೂರ್ ಸೀಕ್ವೆನ್ಸುಗಳು ಟ್ರಯಲ್ಲಿನಷ್ಟೇ, ಸರಿಯಾಗಿ 52.